ಥಾಮಸ್ ಗ್ರಹಾಂ

ಥಾಮಸ್ ಗ್ರಹಾಂ (ಡಿಸೆಂಬರ್ 1805 – ಸೆಪ್ಟೆಂಬರ್ 1869) ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ. ಅನಿಲಗಳ ವಿಸರಣ ನಿಯಮವು ಇವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಕಲಿಲ ರಸಾಯನಶಾಸ್ತ್ರದ ಜನಕರೆಂದು ಇವರನ್ನು ಗುರುತಿಸಲಾಗುತ್ತದೆ. ಔಷಧದ ಡಬ್ಬಿ, ಪಾದರಕ್ಷೆಯ ಪೆಟ್ಟಿಗೆಗಳಲ್ಲಿ ಪುಟ್ಟ ಪೊಟ್ಟಣವಾಗಿ ದೊರೆಯುವ ಸಿಲಿಕಾ ಜೆಲ್‌ನ ಅಧ್ಯಯನಕ್ಕೆ ತಳಹದಿ ಹಾಕಿದವರೂ, 'ಜೆಲ್' ಎಂಬ ಪದವನ್ನು ಬಳಕೆಗೆ ತಂದವರೂ ಇವರೇ.

ಜೀವನ

ಗ್ಲಾಸ್ಗೋ ನಗರದ ಬಟ್ಟೆ ತಯಾರಕರೊಬ್ಬರ ಮಗನಾಗಿ ಜನಿಸಿದರು. ಮಗನು ಪಾದ್ರಿಯಾಗಬೇಕೆಂಬುದು ತಂದೆಯ ಹಂಬಲವಾಗಿತ್ತು. ರಸಾಯನಶಾಸ್ತ್ರವನ್ನು ಬಿಡಲೊಪ್ಪದ ಗ್ರಹಾಂ ಅವರ ಅಸಮಾಧಾನಕ್ಕೆ ಗುರಿಯಾಗಿ, ಪಾಠ ಹೇಳಿ, ಲೇಖನ ಬರೆದು ಜೀವನ ಸಾಗಿಸಬೇಕಾಯಿತು. 1830ರಲ್ಲಿ ಗ್ಲಾಸ್ಗೋದಲ್ಲಿಯೇ ಪ್ರಾಧ್ಯಾಪಕರಾದರು. 1837ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿದರು. 1841ರಲ್ಲಿ ಸ್ಥಾಪನೆಯಾದ ಲಂಡನ್ ಕೆಮಿಕಲ್ ಸೊಸೈಟಿಗೆ ಮೊದಲ ಅಧ್ಯಕ್ಷರಾದರು.

1855ರಿಂದ ಕೊನೆಯವರೆಗೂ ಬ್ರಿಟನ್ನಿನ ಟಂಕಸಾಲೆಯ ಮುಖ್ಯಸ್ಥರಾಗಿದ್ದರು. ಹಿಂದೆ ನ್ಯೂಟನ್ ಅಲಂಕರಿಸಿದ್ದ ಹುದ್ದೆಯಿದು. ತಾಮ್ರದ ನಾಣ್ಯಗಳ ಬದಲಿಗೆ ಹಗುರವಾದ ಕಂಚಿನ ನಾಣ್ಯಗಳು 1860ರಲ್ಲಿ ಇವರ ಆಡಳಿತದಲ್ಲಿಯೇ ಚಲಾವಣೆಗೆ ಬಂದವು. ಕಲಿಲಗಳ ಕುರಿತ ಇವರ ಮುಖ್ಯ ಸಂಶೋಧನೆಗಳು ಈ ಆಡಳಿತದ ಹೊರೆಯ ನಡುವೆ ನಡೆದವು ಎಂಬುದು ಗಮನಾರ್ಹ.

ಸಿಲಿಸಿಕ್ ಆಮ್ಲದ ಪ್ರಯೋಗಗಳು

ಸೋಡಿಯಂ ಸಿಲಿಕೇಟ್ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ, ಆ ಮಿಶ್ರಣವನ್ನು ಗ್ರಹಾಂ ಚರ್ಮಕಾಗದದ ಪೊರೆಯ ಮೇಲೆ ನೀರಿನಲ್ಲಿ ತೇಲಿಬಿಟ್ಟರು. ಉಪ್ಪು ಪೊರೆಯನ್ನು ದಾಟಿ ಹೊರಹೋಯಿತು. ಸಿಲಿಸಿಕ್ ಆಮ್ಲ ಒಳಗೇ ಉಳಿಯಿತು. 1861ರಲ್ಲಿ ಪ್ರಕಟವಾದ ಈ ವಿಧಾನಕ್ಕೆ ಅವರಿಟ್ಟ ಹೆಸರು ಡಯಾಲಿಸಿಸ್. ಮೂತ್ರಪಿಂಡದ ರೋಗಿಗಳ ಚಿಕಿತ್ಸೆಯಿಂದ ಇಂದು ಮನೆಮಾತಾಗಿರುವ ಪದ ಹುಟ್ಟಿದ್ದು ಹೀಗೆ. ಒಳಗುಳಿದ ತಿಳಿದ್ರವವು ಕಾಲಕ್ರಮದಲ್ಲಿ ಹೆಪ್ಪುಗಟ್ಟಿ ಜೆಲ್ ಆಗುತ್ತಿತ್ತು. ಜೆಲ್‌ನೊಳಗಿನ ನೀರನ್ನು ತೆಗೆದು ಮದ್ಯಸಾರವನ್ನು ತುಂಬಿದರೂ ಅದರ ರಚನೆ ಕುಸಿಯುವುದಿಲ್ಲವೆಂದು 1864ರಲ್ಲಿ ಅವರು ತೋರಿಸಿದರು. ಸಿಲಿಕಾ ಜೆಲ್ ಗಟ್ಟಿಯಾದ ಜಾಲವೆಂಬ ತಿಳಿವಳಿಕೆಗೆ ಇದೇ ಆಧಾರ.

ಉತ್ಪಾದನೆ ಮತ್ತು ವೆಚ್ಚ

ಗ್ರಹಾಂ ಅವರ ವಿಧಾನ ಶುದ್ಧವಾದದ್ದು, ಆದರೆ ದಿನಗಟ್ಟಲೆ ಹಿಡಿಯುವಂಥದು. ಕಾರ್ಖಾನೆಗೆ ಅದು ಒಗ್ಗುವಂತಿರಲಿಲ್ಲ. ಅವರು ತೀರಿಕೊಂಡು ಅರ್ಧ ಶತಮಾನವಾದ ಮೇಲೆ, 1919ರಲ್ಲಿ, ಅಮೆರಿಕದ ವಾಲ್ಟರ್ ಪ್ಯಾಟ್ರಿಕ್ ಅಗ್ಗದ ವಿಧಾನಕ್ಕೆ ಹಕ್ಕುಸ್ವಾಮ್ಯ ಪಡೆದರು. ಪೊರೆಯನ್ನು ಕೈಬಿಟ್ಟು, ಮೊದಲು ಜೆಲ್ ಮಾಡಿ, ಅನಂತರ ಅದರ ಉಪ್ಪನ್ನು ನೀರಿನಿಂದ ತೊಳೆಯುವುದು ಇದರ ತಿರುಳು. ಇಂದಿಗೂ ಮರಳು ಮತ್ತು ಸೋಡಾ ಬೂದಿಯನ್ನು ಕುಲುಮೆಯಲ್ಲಿ ಕರಗಿಸಿ ಸೋಡಿಯಂ ಸಿಲಿಕೇಟ್ ತಯಾರಿಸಿ, ಗಂಧಕಾಮ್ಲ ಬೆರೆಸಿ, ತೊಳೆದು ಒಣಗಿಸುತ್ತಾರೆ. ಮರಳು ದುಬಾರಿಯಲ್ಲ, ಕುಲುಮೆಯ ಇಂಧನ, ತೊಳೆಯಲು ಬೇಕಾಗುವ ಅಪಾರ ನೀರು, ಒಣಗಿಸುವ ಶಾಖ ಇವೇ ಬೆಲೆಯನ್ನು ಏರಿಸುತ್ತವೆ.

ಕುಲುಮೆಯ ವೆಚ್ಚ ತಪ್ಪಿಸುವ ಒಂದು ದಾರಿ ಭತ್ತದ ಹೊಟ್ಟು. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ ಇರುತ್ತದೆ. ಬೂದಿಯನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ಇಂಗಾಲದ ಡೈಆಕ್ಸೈಡ್ ಹಾಯಿಸಿ ಸಿಲಿಕಾ ಪುಡಿ ಪಡೆಯುವ ತಂತ್ರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದೆ. ಇದು ಜೆಲ್ ಅಲ್ಲ, ಅದರ ಸೋದರ ಪದಾರ್ಥ. ಬಳಸಿದ ಸೋಡಾವನ್ನು ಸುಣ್ಣದಿಂದ ಮರಳಿ ಪಡೆಯಬಹುದು. ಗಂಗಾವತಿ, ಸಿಂಧನೂರುಗಳ ಅಕ್ಕಿ ಗಿರಣಿಗಳಲ್ಲಿ ಹೊಟ್ಟಿಗೆ ಬರವಿಲ್ಲ. ಕಲಬುರಗಿ ಸೀಮೆಗೆ ಸುಣ್ಣದ ಕಲ್ಲೂ ಹೊಸದಲ್ಲ.

ಉಪಯೋಗಗಳು

ಮೊದಲ ಮಹಾಯುದ್ಧದ ವಿಷಾನಿಲ ಮುಖವಾಡಗಳಿಗಾಗಿ ಸಿಲಿಕಾ ಜೆಲ್‌ನ ಸಂಶೋಧನೆ ಚುರುಕಾಯಿತು. ಎರಡನೆಯ ಯುದ್ಧದಲ್ಲಿ ಪೆನಿಸಿಲಿನ್ ಮತ್ತು ಸೇನಾ ಉಪಕರಣಗಳನ್ನು ತೇವದಿಂದ ಕಾಪಾಡಲು ಬಳಕೆಯಾಯಿತು. ಒಂದು ಗ್ರಾಂ ಜೆಲ್‌ನ ಒಳಮೈ ನೂರಾರು ಚದರ ಮೀಟರ್ ಇರುವುದರಿಂದ ಅದು ತೇವವನ್ನು ಹಿಡಿದಿಡಬಲ್ಲದು. ಕಾಯಿಸಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಗಾಳಿಯನ್ನು ಒಣಗಿಸುವ ಯಂತ್ರಗಳು, ವಿದ್ಯುತ್ ಪರಿವರ್ತಕಗಳ ಉಸಿರಾಟದ ಕೊಳವೆಗಳು, ಪ್ರಯೋಗಾಲಯದ ಕ್ರೊಮ್ಯಾಟೋಗ್ರಫಿ ಇವುಗಳಲ್ಲಿ ಅದು ಅನಿವಾರ್ಯವೆನಿಸಿದೆ.

ಸ್ಮರಣೆ

ಗ್ರಹಾಂ ಲಂಡನ್ನಿನಲ್ಲಿ ನಿಧನರಾದರು. ಪ್ಯಾರಾಫಿನ್ ಉದ್ಯಮದಿಂದ ಸಿರಿವಂತರಾದ ಶಿಷ್ಯ ಜೇಮ್ಸ್ ಯಂಗ್ ಗುರುವಿನ ಪ್ರತಿಮೆಯನ್ನು ಗ್ಲಾಸ್ಗೋದ ಜಾರ್ಜ್ ಚೌಕದಲ್ಲಿ ಸ್ವಂತ ಖರ್ಚಿನಿಂದ ಸ್ಥಾಪಿಸಿದರು; ಅವರ ಸಂಶೋಧನಾ ಲೇಖನಗಳನ್ನು ಒಟ್ಟುಗೂಡಿಸಿ 1876ರಲ್ಲಿ ಅಚ್ಚು ಹಾಕಿಸಿದರು.