ಅಪ್ಪನೆಂದು ಕರೆದವನಿಗೂ ಹೆಸರು ಹೇಳದ ಅರಸ

ಪ್ರತಿ ಸೆಮಿಸ್ಟರ್ ರಜೆಗೂ ಯಾದಗಿರಿ ಸ್ಟೇಷನ್‌ನಲ್ಲಿ ರೈಲಿಳಿದು, ಶಹಾಪುರದ ಮೇಲೆ ಸುರಪುರದ ಬಸ್ ಹಿಡಿಯುತ್ತೇನೆ. ನಮ್ಮೂರಿನ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಬ್ರಿಟಿಷರ ಮೇಲೆ ತಿರುಗಿಬಿದ್ದ ರಾಜಾ ವೆಂಕಟಪ್ಪ ನಾಯಕನ ಊರಲ್ಲಿ ಬ್ರಿಟಿಷ್ ಅಧಿಕಾರಿಯ ಬಂಗಲೆಗೆ ಇಷ್ಟು ಗೌರವ ಏಕೆಂದು ಚಿಕ್ಕಂದಿನಿಂದಲೂ ನನಗೆ ಗೊಂದಲ. ಅಣ್ಣನ ಕೆಪಿಎಸ್‌ಸಿ ಗೈಡ್‌ನಲ್ಲಿ ಸುರಪುರಕ್ಕೆ ಸಿಕ್ಕಿರುವುದು ಒಂದೇ ಸಾಲು: 1858ರ ಬಂಡಾಯ. ಉಳಿದದ್ದನ್ನು ನಾನೇ ಹುಡುಕಿ ಓದಬೇಕಾಯಿತು.

ಸುರಪುರ ಬೇಡ ನಾಯಕರ ಸಂಸ್ಥಾನ. 1705ರಲ್ಲಿ ಪಿಡ್ಡ ನಾಯಕ ಪಕ್ಕದ ವಾಗಣಗೇರಾ ಕೋಟೆಯಲ್ಲಿ ಔರಂಗಜೇಬನ ಸೇನೆಯನ್ನೇ ಕಾಡಿದ್ದ. ಆದರೆ 1842ರಲ್ಲಿ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಉಳಿದದ್ದು ಸಾಲ ಮತ್ತು ಒಬ್ಬ ಪುಟ್ಟ ಮಗ. ಕಂಪನಿಯ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1853ರವರೆಗೆ ಆಡಳಿತ ನೋಡಿಕೊಂಡ, ಹಣಕಾಸು ಸರಿಪಡಿಸಿದ, ಹುಡುಗನನ್ನು ಬೆಳೆಸಿದ. ಹುಡುಗ ಅವನನ್ನು ಅಪ್ಪ ಎಂದೇ ಕರೆಯುತ್ತಿದ್ದ. (ಶಹಾಪುರ ಹತ್ತಿರದ ವಿಭೂತಿಹಳ್ಳಿಯ ಕಲ್ಲುಸಾಲುಗಳನ್ನು ಹೊರಜಗತ್ತಿಗೆ ತಿಳಿಸಿದವನೂ ಇದೇ ಟೇಲರ್.)

ಅಧಿಕಾರ ಕೈಗೆ ಬಂದಾಗ ವೆಂಕಟಪ್ಪ ನನಗಿಂತ ಚಿಕ್ಕವನು. ಆಳಿದ್ದು ಐದು ವರ್ಷವೂ ಇಲ್ಲ. 1858ರ ಫೆಬ್ರುವರಿಯಲ್ಲಿ ಸುರಪುರದಲ್ಲಿ ಕಾಳಗವಾಗಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಇನ್ನಷ್ಟು ಸೇನೆ ಬರುವುದು ತಿಳಿದು ಅರಸ ಹೈದರಾಬಾದಿಗೆ ಹೋದ. ಅಲ್ಲಿ ಸಾಲಾರ್ ಜಂಗ್ ಅವನನ್ನು ರೆಸಿಡೆಂಟನಿಗೆ ಒಪ್ಪಿಸಿದ.

ನನ್ನನ್ನು ಬಹಳ ಕಾಡಿದ್ದು ಮುಂದಿನ ಭಾಗ. ಸೆರೆಮನೆಗೆ ಟೇಲರ್ ಬಂದ. ಆತನ ಆತ್ಮಕಥೆಯ ಪ್ರಕಾರ, ಹುಡುಗ ಅವನನ್ನು ಅಪ್ಪಿಕೊಂಡು ಅತ್ತ. ಆದರೆ ಬಂಡಾಯಕ್ಕೆ ಪ್ರೇರೇಪಿಸಿದವರು ಯಾರೆಂದು ಕೇಳಿದಾಗ ಬಾಯಿ ಬಿಡಲಿಲ್ಲ. ಹೆಸರು ಹೇಳಿದ್ದರೆ ಕ್ಷಮೆ ಸುಲಭವಾಗಬಹುದಿತ್ತು. ಕೇಳಿದವನು ಬೇರೆ ಯಾರೋ ಆಗಿದ್ದರೆ ಮೌನ ಸುಲಭ. ಸಾಕಿದವನೇ ಎದುರು ಕೂತು ಕೇಳಿದಾಗ? ನಾನಾಗಿದ್ದರೆ ಹೇಳಿಬಿಡುತ್ತಿದ್ದೆನೇನೋ. ಟೇಲರ್ ಅಲ್ಲಿಗೆ ಅಪ್ಪನಾಗಿ ಬಂದಿದ್ದನೋ ಅಧಿಕಾರಿಯಾಗಿಯೋ, ಎಷ್ಟು ಓದಿದರೂ ನನಗೆ ತೀರ್ಮಾನಿಸಲಾಗಿಲ್ಲ.

ಶಿಕ್ಷೆ ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ನಡತೆ ಸರಿಯಿದ್ದರೆ ಸಂಸ್ಥಾನ ಮರಳಿ ಕೊಡುವ ಮಾತೂ ಇತ್ತು. ಚೆಂಗಲ್ಪಟ್ಟಿಗೆ ಒಯ್ಯುವಾಗ, ಹೈದರಾಬಾದ್ ಬಿಟ್ಟ ಸ್ವಲ್ಪ ದೂರದಲ್ಲೇ, ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅರಸ ಸತ್ತ. ತಾನೇ ಹಾರಿಸಿಕೊಂಡ ಎನ್ನುತ್ತದೆ ಬ್ರಿಟಿಷರ ದಾಖಲೆ. ನಮ್ಮೂರಲ್ಲಿ ಅದನ್ನು ನಂಬದವರಿದ್ದಾರೆ. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು.

ಕಳೆದ ರಜೆಯಲ್ಲಿ ಅಣ್ಣನ ಗೈಡ್‌ನ ಆ ಒಂದು ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಟೇಲರ್ ಹೆಸರನ್ನೂ ಬರೆದಿಟ್ಟೆ. ಪರೀಕ್ಷೆಯಲ್ಲಿ ಇದೆಲ್ಲ ಕೇಳುವುದಿಲ್ಲ ಎಂದು ಅಣ್ಣ ನಕ್ಕ.