ಪಿಂಗಳಿ ವೆಂಕಯ್ಯ: ದೇಶಕ್ಕೆ ಬಾವುಟ ಕೊಟ್ಟು ಬಡತನದಲ್ಲೇ ಅಗಲಿದ ಆಂಧ್ರದ ಸಾಧಕ

ಪ್ರತಿ ಆಗಸ್ಟ್ 15ರಂದು ನಾವು ವಂದಿಸುವ ತ್ರಿವರ್ಣ ಧ್ವಜಕ್ಕೆ ಮೂಲವಾದ ಬಾವುಟವನ್ನು ರೂಪಿಸಿದವರು ಪಿಂಗಳಿ ವೆಂಕಯ್ಯ. ಮಚಲೀಪಟ್ಟಣ ಸಮೀಪದ ಭಟ್ಲಪೆನುಮರ್ರು ಅವರ ಹುಟ್ಟೂರು. ಬ್ರಿಟಿಷ್ ಸೇನೆ ಸೇರಿ ಬೋಯರ್ ಯುದ್ಧದ ವೇಳೆ ದಕ್ಷಿಣ ಆಫ್ರಿಕಾಕ್ಕೆ ತೆರಳಿದ್ದಾಗ ಗಾಂಧೀಜಿಯ ಪರಿಚಯವಾಯಿತು. ಊರಿಗೆ ಮರಳಿ ಹತ್ತಿ ತಳಿಗಳ ಬಗ್ಗೆ ಸಂಶೋಧನೆ ನಡೆಸಿದ ಅವರನ್ನು ಜನ 'ಪತ್ತಿ ವೆಂಕಯ್ಯ' ಎಂದೇ ಕರೆದರು. ತೆಲುಗಿನಲ್ಲಿ ಪತ್ತಿ ಎಂದರೆ ಹತ್ತಿ.

ದೇಶಕ್ಕೊಂದು ಸ್ವಂತ ಬಾವುಟ ಬೇಕೆಂಬುದು ಅವರ ಹಂಬಲ. 1916ರಲ್ಲೇ ಹಲವು ವಿನ್ಯಾಸಗಳ ಪುಸ್ತಕ ಹೊರತಂದರು. 1921ರಲ್ಲಿ ಬೆಜವಾಡ, ಅಂದರೆ ಇಂದಿನ ವಿಜಯವಾಡದಲ್ಲಿ ನಡೆದ ಕಾಂಗ್ರೆಸ್ ಸಭೆಯ ವೇಳೆ ಕೆಂಪು-ಹಸಿರು ಬಾವುಟವನ್ನು ಗಾಂಧೀಜಿಗೆ ನೀಡಿದರು. ಆ ಬಣ್ಣಗಳು ಹಿಂದೂ, ಮುಸ್ಲಿಮರನ್ನು ಸೂಚಿಸುತ್ತಿದ್ದವು. ಉಳಿದ ಸಮುದಾಯಗಳಿಗೂ ಜಾಗವಿರಲೆಂದು ಗಾಂಧೀಜಿ ಬಿಳಿ ಪಟ್ಟಿ ಸೇರಿಸಲು ಹೇಳಿದರು. ನಡುವೆ ಚರಕವೂ ಬಂತು.

1931ರಲ್ಲಿ ಕೆಂಪಿನ ಬದಲು ಕೇಸರಿ ಬಂತು. ಬಣ್ಣಗಳು ಧರ್ಮಗಳ ಗುರುತಲ್ಲ ಎಂದೂ ಕಾಂಗ್ರೆಸ್ ಸ್ಪಷ್ಟಪಡಿಸಿತು. 1947ರ ಜುಲೈ 22ರಂದು ಸಂವಿಧಾನ ಸಭೆ ಅಶೋಕ ಚಕ್ರವಿರುವ ಧ್ವಜವನ್ನು ಅಂಗೀಕರಿಸಿತು.

ಸ್ವತಂತ್ರ ಭಾರತ ಮಾತ್ರ ವೆಂಕಯ್ಯ ಅವರನ್ನು ಮರೆತಿತ್ತು. 1963ರ ಜುಲೈ 4ರಂದು ಬಡತನದಲ್ಲೇ ಅವರು ಕೊನೆಯುಸಿರೆಳೆದರು. ಅವರ ನೆನಪಿಗೆ ಅಂಚೆಚೀಟಿ ಬಂದಿದ್ದು 2009ರಲ್ಲಿ. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಇಂದಿಗೂ ಖಾದಿ ರಾಷ್ಟ್ರಧ್ವಜಗಳು ಸಿದ್ಧವಾಗುತ್ತಿವೆ. ಅದರ ಮೊದಲ ಎಳೆ ವಿಜಯವಾಡದ್ದು.