ಉಳವಿಯ ಶ್ರೀ ಚೆನ್ನಬಸವೇಶ್ವರರು

ಷಟ್‌ಸ್ಥಲಚಕ್ರವರ್ತಿಗಳೆಂದೂ ಅವಿರಳಜ್ಞಾನಿಗಳೆಂದೂ ಶರಣಸಮೂಹದಿಂದ ಕೊಂಡಾಡಲ್ಪಟ್ಟ ಶ್ರೀ ಚೆನ್ನಬಸವೇಶ್ವರರು ಬಸವಣ್ಣನವರ ಸಹೋದರಿಯಾದ ಅಕ್ಕನಾಗಮ್ಮನವರ ಸುಪುತ್ರರು. ಸೋದರಮಾವನವರ ಮಹಾಮನೆಯಲ್ಲಿ ಬೆಳೆದ ಅವರು ಎಳೆಯ ವಯಸ್ಸಿನಲ್ಲಿಯೇ ಶಿವಾನುಭವದ ಮರ್ಮವನ್ನರಿತು, ಪ್ರಭುದೇವರ ತರುವಾಯ ಶೂನ್ಯಪೀಠವನ್ನೇರಿದರೆಂಬುದು ಪರಂಪರೆ. ಷಟ್‌ಸ್ಥಲಗಳನ್ನು ಕ್ರಮಗೊಳಿಸಿ ಶಾಸ್ತ್ರರೂಪಕ್ಕೆ ತಂದ ಕೀರ್ತಿಯು ಅವರದು. ಕರಣಹಸುಗೆ, ಮಿಶ್ರಾರ್ಪಣ ಮೊದಲಾದ ಕೃತಿಗಳು ಅವರ ಹೆಸರಿನಿಂದ ಪ್ರಸಿದ್ಧವಾಗಿರುವುವು. 1584ರಲ್ಲಿ ವಿರೂಪಾಕ್ಷ ಪಂಡಿತನು ಅವರ ಮಹಿಮೆಯನ್ನೇ ವಸ್ತುವಾಗಿಟ್ಟುಕೊಂಡು ಚೆನ್ನಬಸವಪುರಾಣವನ್ನು ರಚಿಸಿದನು.

ಅವರ ಜ್ಞಾನವನ್ನು ಹೊಗಳಿ ಇಷ್ಟಕ್ಕೇ ನಿಲ್ಲಿಸುವವರು ಬಹುಮಂದಿ. ಆದರೆ ಆ ಜ್ಞಾನಕ್ಕೆ ಒರೆಗಲ್ಲಾದುದು ಅನುಭವಮಂಟಪವಲ್ಲ, ಕಲ್ಯಾಣವನ್ನು ಬಿಟ್ಟ ಮೇಲಿನ ಕಾಡುದಾರಿ.

ಹರಳಯ್ಯನವರ ಮನೆಗೂ ಮಧುವರಸರ ಮನೆಗೂ ನಡೆದ ಶರಣಸಂಬಂಧವನ್ನು ಸಹಿಸದೆ ಬಿಜ್ಜಳನು ಆ ಇಬ್ಬರು ತಂದೆಯರಿಗೆ ಎಳೆಹೂಟೆಯ ಶಿಕ್ಷೆಯನ್ನು ವಿಧಿಸಿದನೆಂದೂ, ಅದರಿಂದ ಕಲ್ಯಾಣವು ಕದಡಿ ಬಿಜ್ಜಳನ ವಧೆಯಾಯಿತೆಂದೂ ಪುರಾಣಗಳು ಹೇಳುವುವು. ಕಾಲವು ಸುಮಾರು 1167–68. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು. ಉಳಿದ ಶರಣರು ಏನು ಮಾಡಬೇಕು? ಕಾಯಕವನ್ನೂ, ಒಲೆಯನ್ನೂ, ಸೂರನ್ನೂ ಒಂದೇ ಸಲಕ್ಕೆ ಕಳೆದುಕೊಂಡವರವರು. ತರುಣರಾದರೆ ಎಲ್ಲಿಯಾದರೂ ಬದುಕಿಯಾರು; ತಲೆನರೆತವರಿಗೆ, ಕಾಲು ಸೋತವರಿಗೆ ಗತಿಯೇನು? ಆ ಭಾರವೆಲ್ಲ ಚೆನ್ನಬಸವೇಶ್ವರರ ಎಳೆಯ ಹೆಗಲಿಗೆ ಬಂದಿತು. ಸ್ವಂತ ತಾಯಿಯವರೂ ಆ ತಂಡದಲ್ಲಿದ್ದರು.

ಬೆನ್ನಟ್ಟಿ ಬಂದ ಸೈನ್ಯವನ್ನು ಮಡಿವಾಳ ಮಾಚಿದೇವರೇ ಮೊದಲಾದ ವೀರಶರಣರು ತಡೆದರು. ಕಾದರವಳ್ಳಿಯಲ್ಲಿ ಕದನವಾಯಿತೆಂದು ಜನರು ಇಂದಿಗೂ ಹೇಳುವರು. ಡೋಹರ ಕಕ್ಕಯ್ಯನವರು ಮುಂದೆ ಬರಲಾಗಲಿಲ್ಲ. ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಅವರ ಐಕ್ಯಸ್ಥಳವಿರುವುದು. ಅಲ್ಲಿಂದಾಚೆಗೆ ಹಳಿಯಾಳ, ದಾಂಡೇಲಿಗಳ ಕಡೆಯ ದಟ್ಟಡವಿ. ಪುರಾಣಕಾರರು ಕತ್ತಿಯ ಹೊಡೆತವನ್ನು ವಿಸ್ತಾರವಾಗಿ ವರ್ಣಿಸಿದಷ್ಟು ಮುದುಕರ ಕೈಹಿಡಿದು ನಡೆಸಿದವರನ್ನು ವರ್ಣಿಸಲಿಲ್ಲ. ಆದರೂ ಹಿಂದೆ ನಿಂತು ಕಾದಿದ ಶರಣರ ಪ್ರಾಣವು ಸಲ್ಲುತ್ತಿದ್ದುದು ಮುಂದೆ ಮೆಲ್ಲನೆ ಸಾಗುತ್ತಿದ್ದವರಿಗಾಗಿಯೇ ಅಲ್ಲವೆ?

ಇಂದಿನ ಜೋಯಿಡಾ ತಾಲ್ಲೂಕಿಗೆ ಸೇರಿದ ಉಳವಿಯಲ್ಲಿ ಈ ಅಲೆದಾಟವು ನಿಂತಿತು. ಮಳೆಗಾಲದಲ್ಲಿ ಬಿಡುವಿಲ್ಲದೆ ಸುರಿಯುವ ಸೀಮೆಯದು. ಒಣನೆಲದಿಂದ ಬಂದ ವೃದ್ಧರಿಗೆ ಬಯಲಿನಲ್ಲಿ ಒಂದು ಇರುಳೂ ಕಳೆಯಲಾಗದು. ಬೆಟ್ಟದ ಗವಿಗಳೇ ಅವರಿಗೆ ಆಸರೆಯಾದುವು. ಅಕ್ಕನಾಗಮ್ಮನ ಗವಿ, ಆಕಳಗವಿ, ಮಹಾಮನೆ ಗವಿ ಎಂಬ ಹೆಸರುಗಳು ಇನ್ನೂ ಉಳಿದಿರುವುವು. ಹರಳಯ್ಯನ ಚಿಲುಮೆಯ ನೀರೂ, ವಿಭೂತಿ ಕಣಜವೂ ಉಂಟು. ಈ ಹೆಸರುಗಳನ್ನು ಭಕ್ತರು ಲಕ್ಷ್ಯವಿಟ್ಟು ನೋಡಬೇಕು. ಕಲ್ಯಾಣದ ಮಹಾಮನೆಯಲ್ಲಿ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ ನಡೆಯುತ್ತಿತ್ತೆಂದು ಪ್ರತೀತಿ. ಆ ಮಹಾಮನೆಯ ಹೆಸರು ಇಲ್ಲಿ ಒಂದು ಕಲ್ಲುಗವಿಗೆ ಬಂದಿತು. ಬಂದವರನ್ನು ಯಾರೆಂದು ಕೇಳದೆ ಒಳಕ್ಕೆ ಕರೆದು ಕೂಡಿಸುವ ಸ್ಥಳವು ಮಹಾಮನೆಯಾಗಲು ಕಂಬಬೋದಿಗೆಗಳು ಬೇಕಿಲ್ಲವೆಂಬುದನ್ನು ಆ ಶರಣರು ಬಲ್ಲರು.

ನೆಲೆತಪ್ಪಿದವರನ್ನು ಈ ಸೀಮೆಯು ಕೈಬಿಟ್ಟುದಿಲ್ಲ. ಇದೇ ಉತ್ತರಕನ್ನಡ ಜಿಲ್ಲೆಯ ಮುಂಡಗೋಡಿನಲ್ಲಿ 1966ರಿಂದ ತಿಬೇಟಿನ ನಿರಾಶ್ರಿತರು ನೆಲೆಸಿರುವರು. ಅವರ ವೃದ್ಧರಿಗಾಗಿ ಅಲ್ಲಿ ಪ್ರತ್ಯೇಕವಾದ ಆಶ್ರಯಗೃಹವೂ ಇರುವುದು. ಧರ್ಮ ಬೇರೆ, ಭಾಷೆ ಬೇರೆ. ಸಂಕಟ ಮಾತ್ರ ಶರಣರು ಕಂಡದ್ದೇ.

ಶ್ರೀ ಚೆನ್ನಬಸವೇಶ್ವರರು ಬಹುಕಾಲ ಬಾಳಲಿಲ್ಲ. ತಾರುಣ್ಯದಲ್ಲಿಯೇ ಉಳವಿಯಲ್ಲಿ ಲಿಂಗೈಕ್ಯರಾದರು. ಮಾಘಮಾಸದ ಹುಣ್ಣಿಮೆಯ ಸಮಯದಲ್ಲಿ ಅಲ್ಲಿ ಮಹಾಜಾತ್ರೆಯು ನೆರೆಯುವುದು. ಧಾರವಾಡ, ಬೆಳಗಾವಿ ಕಡೆಗಳಿಂದ ಭಕ್ತರು ಚಕ್ಕಡಿಗಳನ್ನು ಹೂಡಿಕೊಂಡು ಕಾಡನ್ನು ದಾಟಿ ಬರುವರು. ಹಳೆಯ ಸೂಪಾ ಊರು ಕಾಳೀನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋದರೂ ಚಕ್ಕಡಿಗಳ ಬರವು ನಿಂತಿಲ್ಲ.

ಪುತ್ರನು ಐಕ್ಯರಾದ ಮೇಲೆ ಅಕ್ಕನಾಗಮ್ಮನವರು ಉಳವಿಯಲ್ಲಿ ಉಳಿಯಲಿಲ್ಲವೆಂಬುದು ಪರಂಪರೆಯ ಮಾತು. ತಮ್ಮನನ್ನೂ ಮಗನನ್ನೂ ಕಳೆದುಕೊಂಡ ಆ ವೃದ್ಧಮಾತೆಯು ಉಳಿದ ಶರಣರೊಡನೆ ಮತ್ತೆ ದಾರಿ ಹಿಡಿದು, ದೂರದ ತರೀಕೆರೆಯ ಬಳಿಯ ಎಣ್ಣೆಹೊಳೆಯಲ್ಲಿ ಬಯಲಾದರು. ಅವರ ಗದ್ದುಗೆಯು ಅಲ್ಲಿರುವುದು.